ಮದರಾಸಿನ ಮರಳು: ಒಂದು ಬಂದರು, ಎರಡು ತೀರಗಳು

೧

ಕಡಲು ನೆಲವನ್ನು ಕಬಳಿಸುವುದಕ್ಕೆ ಕನ್ನಡದಲ್ಲಿ ‘ಕಡಲ್ಕೊರೆತ’ವೆಂಬ ಮಾತು ರೂಢಿಯಲ್ಲಿದೆ. ಈ ಮಾತಿನಲ್ಲಿ ಕೊರೆಯುವುದು ಕಡಲು, ಕೊರೆತಕ್ಕೆ ಸಿಕ್ಕುವುದು ನೆಲ. ಮನುಷ್ಯನಿಗೆ ಇದರಲ್ಲಿ ಪಾತ್ರವೇ ಇಲ್ಲ. ಆದುದರಿಂದಲೇ ಏನೋ, ಕಡಲ್ಕೊರೆತವನ್ನು ನಾವು ಇಂದಿಗೂ ಸಿಡಿಲು ಭೂಕಂಪಗಳ ಸಾಲಿಗೆ ಸೇರಿಸಿ ನೋಡುತ್ತೇವೆ. ಅದು ಚರಿತ್ರೆಯ ವಿಷಯವೆಂದು ಎಣಿಸುವುದಿಲ್ಲ. ಮಳೆಗಾಲ ಬಂದಾಗ ಮನೆಗಳು ಉರುಳುತ್ತವೆ, ಅಧಿಕಾರಿಗಳು ಬರುತ್ತಾರೆ, ಲಾರಿಗಳಲ್ಲಿ ಬಂಡೆಗಳು ಬರುತ್ತವೆ; ಮಳೆಗಾಲ ಕಳೆದ ಮೇಲೆ ಎಲ್ಲವೂ ಮರೆತುಹೋಗುತ್ತದೆ. ಹೀಗೆ ವರ್ಷವರ್ಷವೂ ಮರುಕಳಿಸುವ ಸಂಗತಿಗೆ ಆದಿಯೊಂದು ಇರಬಹುದು, ಆ ಆದಿಗೆ ತಾರೀಖು ಇರಬಹುದು, ಅದರ ಹಿಂದೆ ಯಾರೋ ಕೈಗೊಂಡ ನಿರ್ಧಾರವಿರಬಹುದು ಎಂಬ ಯೋಚನೆ ನಮಗೆ ಸುಲಭವಾಗಿ ಹೊಳೆಯುವುದಿಲ್ಲ.

ಪ್ರಕೃತ ಲೇಖನದಲ್ಲಿ ಅಂಥ ಒಂದು ಆದಿಯನ್ನು ನಾವು ಪರಿಶೀಲಿಸಲು ಹೊರಟಿದ್ದೇವೆ. ಇದಕ್ಕಾಗಿ ಆರಿಸಿಕೊಂಡಿರುವುದು ಮದರಾಸು, ಎಂದರೆ ೧೯೯೬ರಿಂದ ಚೆನ್ನೈ ಎಂದು ಕರೆಯಲ್ಪಡುತ್ತಿರುವ ನಗರದ ಕರಾವಳಿ. ಆ ನಗರದ ದಕ್ಷಿಣ ಭಾಗದಲ್ಲಿ ಮೆರೀನಾ ಎಂಬ ವಿಶಾಲವಾದ ಮರಳ ತೀರವಿದೆ; ಅದನ್ನು ಕಾಣದೆ ಹಿಂದಿರುಗುವ ಯಾತ್ರಿಕರು ವಿರಳ. ಬಂದರಿನ ಉತ್ತರಕ್ಕೆ ರಾಯಪುರದಿಂದ ಮೊದಲಾಗಿ ತಿರುವೊಟ್ಟಿಯೂರು ಎಣ್ಣೂರುಗಳವರೆಗೆ ಮರಳಿನ ಬದಲು ಕರಿಯ ಬಂಡೆಗಳ ರಾಶಿಯೇ ಕಾಣುತ್ತದೆ. ಅಲ್ಲಿಗೆ ಯಾತ್ರಿಕರು ಹೋಗುವುದಿಲ್ಲ. ನಗರದ ಚರಿತ್ರೆಯನ್ನು ಬರೆಯುವಾಗ ಮೆರೀನಾವನ್ನು ನಗರದ ವೈಭವಗಳ ಪ್ರಕರಣದಲ್ಲಿಯೂ ರಾಯಪುರದ ಕೊರೆತವನ್ನು ನಗರದ ಸಂಕಟಗಳ ಪ್ರಕರಣದಲ್ಲಿಯೂ ಇಡುವುದು ವಾಡಿಕೆ. ಇವು ಎರಡು ಸಂಗತಿಗಳಲ್ಲ, ಒಂದೇ ಸಂಗತಿಯ ಎರಡು ಬದಿಗಳು ಎಂಬುದೇ ನಮ್ಮ ಪ್ರತಿಪಾದನೆ. ಮೆರೀನಾದಲ್ಲಿ ನಿಂತಿರುವ ಮರಳು ರಾಯಪುರವನ್ನು ತಲುಪಬೇಕಾಗಿದ್ದ ಮರಳು.

೨

ಈಸ್ಟ್ ಇಂಡಿಯಾ ಕಂಪೆನಿಯವರು ೧೬೩೯ರಲ್ಲಿ ಮದರಾಸಿನ ನೆಲವನ್ನು ಪಡೆದು, ಮರುವರ್ಷ ಕೋಟೆಯನ್ನು ಕಟ್ಟಲು ತೊಡಗಿದಾಗ ಅಲ್ಲಿ ಬಂದರಾಗಬಲ್ಲ ಯಾವ ಕೊಲ್ಲಿಯೂ ಇರಲಿಲ್ಲ. ಕಡಲ ದಂಡೆ ಕೋಲು ಹಿಡಿದು ಗೆರೆ ಎಳೆದಂತೆ ನೇರವಾಗಿತ್ತು. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದುವು. ಸರಕೂ ಜನರೂ ಮಸೂಲ ದೋಣಿಗಳಲ್ಲಿ ದಡ ಸೇರಬೇಕಾಗಿತ್ತು. ಈ ದೋಣಿಗಳ ಹಲಗೆಗಳನ್ನು ಮೊಳೆ ಬಡಿಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಕೂಡಿಸುತ್ತಿದ್ದರು; ಅಲೆಗಳ ಪೆಟ್ಟಿಗೆ ಮೊಳೆಯ ದೋಣಿ ಒಡೆಯುತ್ತಿತ್ತು, ಹೊಲಿದ ದೋಣಿ ಬಳುಕಿ ಉಳಿಯುತ್ತಿತ್ತು. ಅದನ್ನು ನಡೆಸುವ ಕೌಶಲ ಆ ತೀರದ ಅಂಬಿಗರಿಗಲ್ಲದೆ ಬೇರೆಯವರಿಗೆ ಇರಲಿಲ್ಲ. ಇನ್ನೂರು ವರ್ಷಗಳಿಗೂ ಮೀರಿ ಮದರಾಸಿನ ವ್ಯಾಪಾರವೆಲ್ಲ ಈ ಅಂಬಿಗರ ಹುಟ್ಟುಗಳ ಮೇಲೆ ನಿಂತಿತ್ತೆಂದರೆ ಅತಿಶಯೋಕ್ತಿಯಲ್ಲ. ರಾಯಪುರವು ಇಂಥ ಅಂಬಿಗರೂ ಬೆಸ್ತರೂ ನೆಲಸಿದ್ದ ಎಡೆಗಳಲ್ಲಿ ಮುಖ್ಯವಾದುದು.

ತೆರೆದ ಕಡಲಿನಲ್ಲಿ ಲಂಗರು ಹಾಕುವುದು ಅಪಾಯದ ಕೆಲಸ. ೧೭೪೬ರಲ್ಲಿ ಫ್ರೆಂಚರ ಲಾ ಬೂರ್ದೊನೆ ಮದರಾಸನ್ನು ಹಿಡಿದ ಕೆಲವೇ ವಾರಗಳಲ್ಲಿ ಚಂಡಮಾರುತವೊಂದು ಎದ್ದು ಅವನ ಹಡಗುಗಳನ್ನು ಧ್ವಂಸಮಾಡಿತು. ಕಡಲ ಉಪದ್ರವ ಹಡಗುಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ಬಂದರು ಹುಟ್ಟುವುದಕ್ಕೆ ಮೊದಲೇ ನಗರದ ದಂಡೆಗೂ ಅಲೆಗಳ ಬಾಧೆಯಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೋಟೆಯ ಉತ್ತರದ ಪೇಟೆಯನ್ನು ಕಡಲಿನಿಂದ ಕಾಪಾಡಲು ಕಲ್ಲಿನ ತಡೆಗೋಡೆಯನ್ನು ಕಟ್ಟಿಸಿದವನು ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್. ಕನ್ನಡಿಗರಿಗೆ ಈ ಹೆಸರು ಅಪರಿಚಿತವಲ್ಲ. ೧೮೦೮ರಲ್ಲಿ ಶ್ರೀರಂಗಪಟ್ಟಣದಲ್ಲಿ ಸುಮಾರು ೧೧೨ ಅಡಿ ಅಗಲದ ಇಟ್ಟಿಗೆಯ ಕಮಾನನ್ನು ಕಟ್ಟಿ ತೋರಿಸಿದ ಇಂಜಿನಿಯರನು ಇವನೇ. ಆ ಕಮಾನು ಇಪ್ಪತ್ತನೆಯ ಶತಮಾನದವರೆಗೂ ನಿಂತಿತ್ತು. ಆದುದರಿಂದ ಮದರಾಸಿನ ದಂಡೆ ಬಂದರಿಗೆ ಮುಂಚೆ ಅಚಲವಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಆಗಿನ ಚಲನೆಗೂ ಅನಂತರದ ಚಲನೆಗೂ ಅಂತರವುಂಟು. ಅದನ್ನು ಮುಂದೆ ಕಾಣಬಹುದು.

೩

ಆ ಅಂತರವನ್ನು ಗ್ರಹಿಸಬೇಕಾದರೆ ಮರಳಿನ ನಡಿಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಅಲೆಯು ದಂಡೆಗೆ ಓರೆಯಾಗಿ ಬಂದು ಬಡಿದಾಗ ಮರಳಿನ ಕಣವನ್ನು ಓರೆಯಾಗಿಯೇ ಮೇಲಕ್ಕೆ ತಳ್ಳುತ್ತದೆ. ಹಿಂದಿರುಗುವ ನೀರಾದರೋ ಇಳಿಜಾರನ್ನು ಹಿಡಿದು ನೇರವಾಗಿ ಕೆಳಗಿಳಿಯುತ್ತದೆ. ಹೀಗೆ ಪ್ರತಿಯೊಂದು ಅಲೆಗೂ ಕಣವು ದಂಡೆಯುದ್ದಕ್ಕೆ ಒಂದಿಷ್ಟು ಸರಿಯುತ್ತದೆ. ಕೋರಮಂಡಲ ತೀರದಲ್ಲಿ ವರ್ಷದ ಹೆಚ್ಚು ತಿಂಗಳುಗಳಲ್ಲಿ ಅಲೆಗಳು ದಕ್ಷಿಣದ ಕಡೆಯಿಂದ ಓರೆಯಾಗಿ ಬರುತ್ತವೆ. ಮರಳು ಉತ್ತರಕ್ಕೆ ನಡೆಯುತ್ತದೆ. ಈಶಾನ್ಯ ಮಾರುತದ ಕೆಲವೇ ತಿಂಗಳುಗಳಲ್ಲಿ ನಡಿಗೆ ತಿರುಗುಮುರುಗಾಗುತ್ತದೆ. ಕೂಡಿ ಕಳೆದರೆ ಉಳಿಯುವುದು ಉತ್ತರದ ನಡಿಗೆಯೇ. ಮದರಾಸಿನ ಎದುರಿಗೆ ಹೀಗೆ ಸಾಗುವ ಮರಳು ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಆಸುಪಾಸೆಂದು ಅಂದಾಜು ಮಾಡುವುದುಂಟು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಡಲ ದಂಡೆಯೆಂಬುದು ಹೊಲದಂತೆ ಸ್ಥಿರವಾದ ನೆಲವಲ್ಲ. ಅದು ಹೊಳೆಯಂತೆ ಹರಿಯುವ ವಸ್ತು. ಹೊಳೆಯ ನೀರು ಹರಿದುಹೋದರೂ ಹೊಳೆ ಬತ್ತದಿರುವುದು ಮೇಲಿನಿಂದ ನೀರು ಬರುತ್ತಿರುವುದರಿಂದ. ದಂಡೆಯ ಮರಳು ಸರಿದುಹೋದರೂ ದಂಡೆ ಉಳಿಯುವುದು ದಕ್ಷಿಣದಿಂದ ಬೇರೆ ಮರಳು ಬಂದು ಸೇರುವುದರಿಂದ. ಹೊಳೆಗೆ ಅಡ್ಡಲಾಗಿ ಕಟ್ಟೆ ಹಾಕಿದರೆ ಮೇಲಿನವರಿಗೆ ಕೆರೆ ದೊರೆಯುತ್ತದೆ, ಕೆಳಗಿನವರ ಕಾಲುವೆ ಒಣಗುತ್ತದೆ. ಕಾವೇರಿಯ ನೀರಿನ ಹಂಚಿಕೆಗಾಗಿ ಮೈಸೂರು ಮದರಾಸುಗಳ ನಡುವೆ ೧೮೯೨ರಲ್ಲಿಯೂ ೧೯೨೪ರಲ್ಲಿಯೂ ಒಪ್ಪಂದಗಳಾದುವು. ನೀರಿನ ವಿಷಯದಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಹಕ್ಕಿನ ಪ್ರಶ್ನೆಯಿದೆಯೆಂದು ಆಗಿನ ಸರಕಾರಗಳು ಒಪ್ಪಿಕೊಂಡಿದ್ದುವು. ಮರಳಿನ ಹೊಳೆಗೆ ಕಟ್ಟೆ ಹಾಕಿದಾಗ ಅಂಥ ಪ್ರಶ್ನೆ ಏಳಲಿಲ್ಲ.

೪

ಬಂದರಿಗೆ ಮುಂಚೆ ೧೮೬೦ರ ದಶಕದ ಆರಂಭದಲ್ಲಿ ಮದರಾಸಿನಲ್ಲಿ ಒಂದು ಕಬ್ಬಿಣದ ಸೇತುಗಟ್ಟೆಯನ್ನು ಕಟ್ಟಿದ್ದರು. ಅದು ಸುಮಾರು ೧,೧೦೦ ಅಡಿ ಕಡಲೊಳಕ್ಕೆ ಚಾಚಿಕೊಂಡಿತ್ತು; ನೆಲಕ್ಕೆ ತಿರುಗಿಸಿ ಇಳಿಸಿದ ಕಬ್ಬಿಣದ ಕಂಬಗಳ ಮೇಲೆ ನಿಂತಿತ್ತು. ಕಂಬಗಳ ನಡುವೆ ಅಲೆಯೂ ಮರಳೂ ಧಾರಾಳವಾಗಿ ಓಡಾಡುತ್ತಿದ್ದುದರಿಂದ ಇದು ದಂಡೆಯ ಹರಿವಿಗೆ ಅಡ್ಡಿಯಾಗಲಿಲ್ಲ. ಆದರೆ ಹಡಗುಗಳಿಗೆ ಇದು ಆಶ್ರಯವನ್ನೂ ಕೊಡಲಿಲ್ಲ. ಚಂಡಮಾರುತಗಳಿಂದ ಇದು ಜಖಂಗೊಂಡಿತು. ವಾಣಿಜ್ಯ ಸಂಸ್ಥೆಗಳಿಗೆ ಬೇಕಾಗಿದ್ದುದು ಅಲೆಯೇ ಇಲ್ಲದ ನೀರು.

ಹೀಗಿರಲು ವಿಲಿಯಂ ಪಾರ್ಕ್ಸ್ ಎಂಬ ಇಂಜಿನಿಯರನ ಯೋಜನೆ ಅಂಗೀಕೃತವಾಯಿತು. ದಂಡೆಯಿಂದ ಎರಡು ಭಾರಿ ಗೋಡೆಗಳನ್ನು ಕಡಲೊಳಕ್ಕೆ ಸಮಾನಾಂತರವಾಗಿ ಒಯ್ದು, ಕೊನೆಯಲ್ಲಿ ಒಂದರತ್ತ ಒಂದನ್ನು ಬಾಗಿಸಿ, ಪೂರ್ವಕ್ಕೆ ಬಾಗಿಲಿಟ್ಟ ಒಂದು ಕೊಳವನ್ನು ನಿರ್ಮಿಸುವುದು ಈ ಯೋಜನೆ. ಅಲೆಯನ್ನು ತಡೆಯುವ ಇಂಥ ಗೋಡೆಗಳನ್ನು ಮುಂದೆ ಅಲೆತಡೆಗಳೆಂದು ಕರೆಯುತ್ತೇವೆ. ೧೮೭೫ರ ಡಿಸೆಂಬರಿನಲ್ಲಿ ಆಗಿನ ವೇಲ್ಸ್ ರಾಜಕುಮಾರನು ಶಂಕುಸ್ಥಾಪನೆ ಮಾಡಿದನು. ೧೮೭೬ರಲ್ಲಿ ಕೆಲಸ ಮೊದಲಾಯಿತು. ಅಲೆತಡೆಗಳು ಬಹುಮಟ್ಟಿಗೆ ಮುಗಿದಿದ್ದಾಗ, ೧೮೮೧ರ ನವೆಂಬರ್ ೧೨ರ ಚಂಡಮಾರುತವು ಅವುಗಳನ್ನು ಅಪ್ಪಳಿಸಿ ಕೆಡವಿತು. ಸರಕಾರವು ಧೃತಿಗೆಡದೆ ಪುನಃ ಕಟ್ಟಿಸಿ ೧೮೯೬ರ ಹೊತ್ತಿಗೆ ಮುಗಿಸಿತು. ಕೋರಮಂಡಲದ ನೇರವಾದ ದಂಡೆಯಲ್ಲಿ ಮನುಷ್ಯನು ಬಂದರನ್ನು ನಿರ್ಮಿಸಿದನೆಂಬುದು ಸಾಹಸವೇ ಸರಿ. ಇದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ದಕ್ಷಿಣದ ಅಲೆತಡೆಯು ಕಡಲಿಗೆ ಇಳಿದ ದಿನದಿಂದಲೇ ಅದರ ಬೆನ್ನಿಗೆ ಮರಳು ಕೂಡಲು ತೊಡಗಿತ್ತು. ವರ್ಷವರ್ಷವೂ ದಂಡೆ ಮುಂದಕ್ಕೆ ಬಂದಿತು. ಬಂದರಿನ ಬಾಗಿಲ ಕಡೆಗೂ ಮರಳು ಹಬ್ಬತೊಡಗಿತು. ೧೯೦೪ರಲ್ಲಿ ಬಂದರು ಟ್ರಸ್ಟಿನ ಅಧ್ಯಕ್ಷನಾಗಿ ಬಂದ ಫ್ರಾನ್ಸಿಸ್ ಸ್ಪ್ರಿಂಗ್ ಪೂರ್ವದ ಬಾಗಿಲನ್ನು ಮುಚ್ಚಿಸಿ ಈಶಾನ್ಯದಲ್ಲಿ ಹೊಸ ಬಾಗಿಲನ್ನು ತೆರೆಯಿಸಿದನು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು ೧೯೧೨ರಲ್ಲಿ ಗುಮಾಸ್ತರಾಗಿ ಸೇರಿದುದು ಇದೇ ಸ್ಪ್ರಿಂಗ್ ಅಧ್ಯಕ್ಷನಾಗಿದ್ದ ಕಚೇರಿಗೆ ಎಂಬುದನ್ನು ವಾಚಕರು ಬಲ್ಲರು. ಆ ಕಚೇರಿಯಲ್ಲಿ ನಡೆದ ಇನ್ನೊಂದು ಲೆಕ್ಕವು ಅಷ್ಟು ಪ್ರಸಿದ್ಧವಾಗಿಲ್ಲ. ಮದರಾಸು ಬಂದರಿನ ಬಳಿಯ ಮರಳಿನ ಚಲನೆಯನ್ನು ಕುರಿತು ಸ್ಪ್ರಿಂಗ್ ಬರೆದ ಪ್ರಬಂಧವು ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯ ನಡವಳಿಗಳಲ್ಲಿ ೧೯೧೩ರ ಸುಮಾರಿಗೆ ಪ್ರಕಟವಾಯಿತು. ಅಲ್ಲಿಂದ ಮುಂದೆ ಮರಳು ನಡೆಯುತ್ತದೆಂಬುದು ಬೆಸ್ತರ ಅನುಭವದ ಮಾತು ಮಾತ್ರವಲ್ಲ, ಮುದ್ರಿತವಾದ ಜ್ಞಾನ.

೫

ಈಗ ಎರಡು ತೀರಗಳನ್ನು ಹೋಲಿಸಿ ನೋಡೋಣ. ದಕ್ಷಿಣದ ಬೆಳವಣಿಗೆಗೆ ಸಾಕ್ಷಿಯನ್ನು ಕಡತಗಳಲ್ಲಿಯೇ ಹುಡುಕಬೇಕಾಗಿಲ್ಲ. ಕಟ್ಟಡಗಳೇ ಸಾಕ್ಷಿ ನುಡಿಯುತ್ತವೆ. ೧೮೪೨ರಲ್ಲಿ ಅಮೆರಿಕದ ಟ್ಯೂಡರ್ ಎಂಬ ವರ್ತಕನು ಹಡಗುಗಳಲ್ಲಿ ತರಿಸಿದ ಮಂಜುಗಡ್ಡೆಯನ್ನು ಇಡಲು ಕಡಲ ಬದಿಯಲ್ಲಿ ಒಂದು ಕಟ್ಟಡ ಕಟ್ಟಿಸಿದನು. ಮಂಜುಗಡ್ಡೆ ಕರಗುವ ಸರಕು. ದೋಣಿಯಿಂದ ಇಳಿಸಿದ ಕೂಡಲೇ ಒಳಗೆ ಸೇರಿಸಬೇಕಾದುದು. ಆದುದರಿಂದ ಉಗ್ರಾಣವನ್ನು ನೀರಿನ ಸಮೀಪದಲ್ಲಿ ಕಟ್ಟಿದರು. ಸ್ವಾಮಿ ವಿವೇಕಾನಂದರು ೧೮೯೭ರಲ್ಲಿ ತಂಗಿದುದರಿಂದ ಪ್ರಸಿದ್ಧವಾದ ಆ ಕಟ್ಟಡ ಇಂದಿಗೂ ಇದೆ. ಅದರ ಎದುರು ನಿಂತು ನೋಡಿದರೆ ಮೊದಲು ರಸ್ತೆ, ಆ ಮೇಲೆ ತೋಟ, ಆ ಮೇಲೆ ಉದ್ದಕ್ಕೂ ಮರಳು. ಕಡಲು ಆಚೆ ಎಲ್ಲಿಯೋ ಇದೆ. ಹಿಂದೆ ಅಲೆಗಳ ಸಮೀಪದಲ್ಲಿದ್ದ ಸೇಂಟ್ ಜಾರ್ಜ್ ಕೋಟೆಯಿಂದಲೂ ಕಡಲು ಈಗ ದೂರ ಸರಿದಿದೆ.

ಗವರ್ನರ್ ಗ್ರಾಂಟ್ ಡಫ್ ೧೮೮೪ರಲ್ಲಿ ಈ ದಂಡೆಯ ಮೇಲೆ ವಿಹಾರದ ಹಾದಿಯನ್ನು ಮಾಡಿಸಿ, ಸಿಸಿಲಿಯ ಪಲೆರ್ಮೊ ನಗರದ ನೆನಪಿಗಾಗಿ ಮೆರೀನಾ ಎಂದು ಹೆಸರಿಟ್ಟನೆಂಬುದು ಪ್ರಸಿದ್ಧವಾದ ಸಂಗತಿ. ಹೆಸರನ್ನು ಅವನು ಇಟ್ಟನು, ಹಾದಿಯನ್ನೂ ಅವನು ಮಾಡಿಸಿದನು; ಇಂದು ಸರಾಸರಿ ೩೦೦ ಮೀಟರು ಅಗಲವಾಗಿರುವ ಮರಳನ್ನು ಮಾತ್ರ ಅವನು ತರಲಿಲ್ಲ. ಅದನ್ನು ತಂದು ರಾಶಿಹಾಕಿದುದು ಬಂದರಿನ ಅಲೆತಡೆ. ಈ ಲಾಭವೂ ನಿಷ್ಕಂಟಕವಲ್ಲ. ಬಂದರಿನ ದಕ್ಷಿಣಕ್ಕೆ ಕಡಲು ಸೇರುವ ಕೂವಂ ನದಿಯ ಅಳಿವೆಗೆ ಇದೇ ಮರಳು ಅಡ್ಡಬಿದ್ದು, ನದಿಯ ಬಾಯಿ ಕಟ್ಟಿ, ಕೊಳಚೆ ನಗರದೊಳಗೇ ನಿಲ್ಲುವಂತಾಯಿತು.

ಉತ್ತರದ ಚಿತ್ರ ಇದಕ್ಕೆ ವಿರುದ್ಧವಾದುದು. ೧೮೫೬ರಲ್ಲಿ ದಕ್ಷಿಣ ಭಾರತದ ಮೊದಲ ರೈಲುಗಾಡಿ ಹೊರಟ ನಿಲ್ದಾಣ ರಾಯಪುರದಲ್ಲಿದೆ. ಆ ಭಾಗ ಆಗ ನಗರದ ಹಿಂದುಳಿದ ಮೂಲೆಯಲ್ಲ, ಮುಂಬಾಗಿಲು. ಬಂದರು ಹುಟ್ಟಿದ ಮೇಲೆ ದಕ್ಷಿಣದ ಮರಳು ಬರುವುದು ನಿಂತಿತು. ಅಲೆಗಳ ಎಳೆತ ಮಾತ್ರ ನಿಲ್ಲಲಿಲ್ಲ. ಅಲೆಯು ಇರುವ ಮರಳನ್ನು ಉತ್ತರಕ್ಕೆ ಒಯ್ದಿತು. ಆ ತೆರವನ್ನು ತುಂಬುವುದಕ್ಕೆ ಬೇರೆ ಮರಳಿಲ್ಲ. ದಂಡೆ ನೂರಾರು ಮೀಟರುಗಳಷ್ಟು ಹಿಂದೆ ಸರಿದು, ಮನೆಗಳೂ ಬಲೆ ಹರಡುವ ಬಯಲೂ ಕಟ್ಟುಮರಗಳನ್ನು ಎಳೆದಿಡುವ ಎಡೆಯೂ ಕಡಲ ಪಾಲಾದುವು. ಅಂಬಿಗರ ಮಟ್ಟಿಗೆ ಇದು ಎರಡನೆಯ ಪೆಟ್ಟು. ಹಡಗುಗಳು ನೇರವಾಗಿ ಧಕ್ಕೆಗೆ ಬಂದು ನಿಲ್ಲತೊಡಗಿದಾಗ ಮಸೂಲ ದೋಣಿಯ ಕೆಲಸ ಇಲ್ಲವಾಯಿತು. ಜೀವನೋಪಾಯವನ್ನು ಮೊದಲು ಕಸಿದ ಗೋಡೆಯೇ ಆ ಮೇಲೆ ದಂಡೆಯನ್ನೂ ಕಸಿಯಿತು.

ರಾಯಪುರವನ್ನು ಉಳಿಸಲು ದಂಡೆಯುದ್ದಕ್ಕೆ ಬಂಡೆಗಳ ತಡೆಗೋಡೆ ಬಂದಿತು. ತಡೆಗೋಡೆಯು ತನ್ನ ಬೆನ್ನಿನ ನೆಲವನ್ನು ಕಾಯುತ್ತದೆ. ಆದರೆ ಅಲೆಗೆ ಅಲ್ಲಿ ಸಿಗದ ಮರಳನ್ನು ಅಲೆಯು ಗೋಡೆ ಮುಗಿದ ಕಡೆ ಹುಡುಕುತ್ತದೆ. ಆಗ ಅಲ್ಲಿಯೂ ಗೋಡೆ ಬೇಕಾಗುತ್ತದೆ. ಹೀಗೆ ಕೊರೆತವೂ ಗೋಡೆಯೂ ಒಂದನ್ನೊಂದು ಹಿಂಬಾಲಿಸಿಕೊಂಡು ರಾಯಪುರದಿಂದ ತಂಡಿಯಾರಪೇಟೆಗೆ, ಅಲ್ಲಿಂದ ತಿರುವೊಟ್ಟಿಯೂರಿಗೆ, ಅಲ್ಲಿಂದ ಎರಣಾವೂರಿನ ಕಡೆಗೆ ಸಾಗಿದುವು. ಎಣ್ಣೂರಿಗೆ ಹೋಗುವ ಕಡಲ ಬದಿಯ ಹೆದ್ದಾರಿಯನ್ನು ಅಲೆಗಳು ಮತ್ತೆ ಮತ್ತೆ ಕಿತ್ತುವು. ಈ ಶತಮಾನದ ಮೊದಲ ದಶಕದಲ್ಲಿ ದಂಡೆಗೆ ಅಡ್ಡಲಾಗಿ ಕಡಲೊಳಕ್ಕೆ ಚಾಚಿದ ಕಲ್ಲಿನ ದಿಂಡುಗಳನ್ನು ಕಟ್ಟಿದ ಮೇಲೆ ಅವುಗಳ ನಡುವೆ ಕೆಲವೆಡೆ ಮರಳು ನಿಂತಿತು. ಅದು ಆ ಊರಿನವರಿಗೆ ನೆಮ್ಮದಿಯೇ ಹೌದು. ಆದರೆ ನಿಂತ ಮರಳು ಯಾರ ಪಾಲಿನದೆಂಬ ಪ್ರಶ್ನೆ ಮತ್ತಷ್ಟು ಉತ್ತರಕ್ಕೆ ಸರಿಯಿತು, ಅಷ್ಟೆ.

೬

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಿಂದಿನವರ ಕೆಲಸವನ್ನು ಇಂದಿನ ಜ್ಞಾನದಿಂದ ಅಳೆಯುವುದು ಚರಿತ್ರಕಾರನಿಗೆ ತಕ್ಕುದಲ್ಲ. ಬಂದರು ಕಟ್ಟಿದವರಿಗೆ ಉತ್ತರದ ದಂಡೆ ಹೀಗಾಗುವುದೆಂದು ಹೇಗೆ ತಿಳಿಯಬೇಕು? ಈ ಆಕ್ಷೇಪವನ್ನು ನಾವು ಒಂದು ಮಿತಿಯಲ್ಲಿ ಒಪ್ಪುತ್ತೇವೆ. ಪಾರ್ಕ್ಸನ ಕಾಲದಲ್ಲಿ ತೆರೆದ ದಂಡೆಯಲ್ಲಿ ಇಷ್ಟು ಮರಳು ನಡೆಯುವ ಎಡೆಯಲ್ಲಿ ಬಂದರು ಕಟ್ಟಿದ ಅನುಭವ ಎಲ್ಲಿಯೂ ಹೆಚ್ಚಾಗಿರಲಿಲ್ಲ. ಹಡಗು ಮುಳುಗಿ ಜನ ಸಾಯುತ್ತಿದ್ದುದು ಕಣ್ಣೆದುರಿನ ಸತ್ಯ. ದಂಡೆ ಕರಗುವುದು ಊಹೆಯ ಸಂಗತಿ. ಆದುದರಿಂದ ೧೮೭೬ರ ನಿರ್ಧಾರವನ್ನು ನಾವು ಅಪರಾಧವೆನ್ನುವುದಿಲ್ಲ.

ಆದರೆ ಈ ರಿಯಾಯಿತಿ ಸ್ಪ್ರಿಂಗನ ಪ್ರಬಂಧದ ಅನಂತರದ ಕಾಲಕ್ಕೆ ಸಲ್ಲುವುದಿಲ್ಲ. ಇಷ್ಟು ಮರಳು ಇಲ್ಲಿ ನಿಂತಿತೆಂದು ಬರೆದ ಲೆಕ್ಕದೊಳಗೇ ಅಷ್ಟು ಮರಳು ಅಲ್ಲಿಗೆ ಹೋಗಲಿಲ್ಲವೆಂಬ ಲೆಕ್ಕವೂ ಅಡಗಿದೆ. ಜಮೆಯ ಕಲಮನ್ನು ಬರೆದು ಖರ್ಚಿನ ಕಲಮನ್ನು ಬಿಟ್ಟುದು ಅಜ್ಞಾನವೆನಿಸುವುದಿಲ್ಲ. ಅನಂತರ ಬಂದರು ಬೆಳೆಯುತ್ತಲೇ ಹೋಯಿತು. ೧೯೬೪ರಲ್ಲಿ ಜವಾಹರ್ ಧಕ್ಕೆ, ೧೯೭೦ರ ದಶಕದಲ್ಲಿ ಎಣ್ಣೆ ಮತ್ತು ಅದಿರಿನ ಹಡಗುಗಳಿಗಾಗಿ ಭಾರತಿ ಧಕ್ಕೆ ಎಂದು ವಿಸ್ತಾರವಾಯಿತು. ೨೦೦೧ರಲ್ಲಿ ಎಣ್ಣೂರಿನಲ್ಲಿಯೂ ಅನಂತರ ಕಾಟ್ಟುಪಳ್ಳಿಯಲ್ಲಿಯೂ ಹೊಸ ಬಂದರುಗಳು ತೆರೆದುವು. ಪ್ರತಿಯೊಂದೂ ಅದೇ ಮರಳಿನ ಹಾದಿಯಲ್ಲಿ ಇನ್ನೊಂದು ಕಟ್ಟೆ.

ಬೇರೆ ದಾರಿಯೇ ಇರಲಿಲ್ಲವೆನ್ನುವಂತಿಲ್ಲ. ಅದೇ ಪೂರ್ವ ಕರಾವಳಿಯ ವಿಶಾಖಪಟ್ಟಣದ ಬಂದರು ೧೯೩೩ರಲ್ಲಿ ತೆರೆಯಿತು. ಜೇನಸ್ ಮತ್ತು ವೆಲೆಡ್ಸನ್ ಎಂಬ ಎರಡು ಹಳೆಯ ಹಡಗುಗಳನ್ನು ಮುಳುಗಿಸಿ ಅಲ್ಲಿ ಅಲೆತಡೆ ಮಾಡಿದರು. ಉತ್ತರಕ್ಕೆ ನಡೆಯುವ ಮರಳು ಅಲ್ಲಿಯೂ ತಡೆಯಲ್ಪಟ್ಟಿತು. ಆದರೆ ಅಲ್ಲಿ ಆ ಮರಳು ಬಂದು ಬೀಳುವ ಗುಂಡಿಯಿಂದ ಅದನ್ನು ಎತ್ತಿ ಉತ್ತರದ ನಗರ ತೀರಕ್ಕೆ ಹಾಕುವ ಪದ್ಧತಿ ಬೆಳೆಯಿತು. ಆ ದಂಡೆಯೂ ಕೆಲವೊಮ್ಮೆ ಕೊರೆದುದುಂಟು. ಆದರೂ ಬಂದರು ತಡೆದ ಮರಳನ್ನು ಬಂದರೇ ದಾಟಿಸಬೇಕೆಂಬ ತತ್ತ್ವ ಅಲ್ಲಿ ಕಾರ್ಯರೂಪಕ್ಕೆ ಬಂದಿತೆಂಬುದು ಗಮನಾರ್ಹ.

ಇದಕ್ಕೆ ಪ್ರತಿಯಾಗಿ ಪುದುಚೇರಿಯ ನಿದರ್ಶನವಿದೆ. ಅಲ್ಲಿ ೧೯೮೯ರ ಹೊತ್ತಿಗೆ ಬಂದರಿನ ಅಲೆತಡೆಗಳು ಸಿದ್ಧವಾದುವು. ಮರಳನ್ನು ದಾಟಿಸುವ ಏರ್ಪಾಡು ಯೋಜನೆಯಲ್ಲಿದ್ದರೂ ನಿರಂತರವಾಗಿ ನಡೆಯಲಿಲ್ಲ; ನಗರದ ಮುಂದಿನ ಮರಳೆಲ್ಲ ಮಾಯವಾಗಿ ಬಂಡೆಗಳು ಉಳಿದುವು. ಗೋಡೆ ಉತ್ತರಕ್ಕೆ ಬೆಳೆದು ಕೊರೆತ ಗಡಿ ದಾಟಿತು. ಆಚೆಯವು ತಮಿಳುನಾಡಿನ ಬೆಸ್ತರ ಹಳ್ಳಿಗಳು. ಕೆಡಿಸಿದ ಬಂದರು ಒಂದು ಆಡಳಿತದ್ದು, ಕೆಟ್ಟ ದಂಡೆ ಇನ್ನೊಂದರದು. ೨೦೧೮ರಲ್ಲಿ ಕೇಂದ್ರ ಸರಕಾರದ ವಿಜ್ಞಾನಿಗಳು ಕಡಲೊಳಗೆ ಮುಳುಗಿದ ಉಕ್ಕಿನ ತಡೆಯೊಂದನ್ನು ಇಳಿಸಿದ ಮೇಲೆ ನಗರದ ಮುಂದೆ ಒಂದಿಷ್ಟು ಮರಳು ಹಿಂದಿರುಗಿತು. ಕಳೆದ ದಂಡೆಯನ್ನು ಮರಳಿ ಪಡೆಯಬಹುದೆಂಬುದಕ್ಕೆ ಇದು ಆಧಾರ. ಆದರೆ ಅದು ಹಿಂದಿರುಗಿದುದು ನಗರದ ವಿಹಾರದ ಹಾದಿಯ ಎದುರಿಗೆ ಎಂಬುದನ್ನೂ ಮರೆಯಲಾಗದು.

೭

ಇಲ್ಲಿಯವರೆಗೆ ಹೇಳಿದುದು ಇಂಜಿನಿಯರುಗಳಿಗೆ ಹೊಸತಲ್ಲ. ಹಾಗಾದರೆ ಇದು ಮದರಾಸಿನ ಚರಿತ್ರೆಯೊಳಕ್ಕೆ ಏಕೆ ಬರಲಿಲ್ಲ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಕಾರಣ ಆಕರಗಳ ಸ್ವರೂಪ. ಬಂದರಿನ ವಾರ್ಷಿಕ ವರದಿಗಳು ಮರಳನ್ನು ಲೆಕ್ಕ ಇಡುವುದು ಹೂಳೆತ್ತುವ ಖರ್ಚೆಂದು. ರೆವಿನ್ಯೂ ಇಲಾಖೆಯ ದಾಖಲೆಗಳು ನೆಲವನ್ನು ಲೆಕ್ಕ ಇಡುವುದು ಕಂದಾಯವೆಂದು. ಬೆಸ್ತರ ಹಳ್ಳಿಗಳು ಸಾಮಾನ್ಯವಾಗಿ ನಿಂತಿರುವುದು ಕಂದಾಯವಿಲ್ಲದ ಪೋರಂಬೋಕು ನೆಲದಲ್ಲಿ. ಬಲೆ ಒಣಗಿಸುವ ಬಯಲಿಗೆ ಪಟ್ಟೆಯಿಲ್ಲ. ಪಟ್ಟೆಯಿಲ್ಲದ ನೆಲ ಕಡಲಿಗೆ ಹೋದರೆ ಯಾರ ಲೆಕ್ಕದಲ್ಲಿಯೂ ನಷ್ಟ ಕಾಣುವುದಿಲ್ಲ. ಲಾಭವಾದ ದಂಡೆಗಾದರೋ ಹೆಸರು, ಹಾದಿ, ಪ್ರತಿಮೆಗಳು, ಪ್ರವಾಸದ ಕೈಪಿಡಿಗಳು ಎಲ್ಲವೂ ಇವೆ. ಹೀಗೆ ಒಂದು ತೀರಕ್ಕೆ ಆಕರಗಳು ವಿಪುಲವಾಗಿಯೂ ಇನ್ನೊಂದಕ್ಕೆ ಶೂನ್ಯಪ್ರಾಯವಾಗಿಯೂ ಇರುವುದರಿಂದ ಚರಿತ್ರಕಾರನು ಅರಿಯದೆಯೇ ಬಂದರಿನ ಪಕ್ಷಪಾತಿಯಾಗುತ್ತಾನೆ.

ಈ ಮಾತು ನಮ್ಮ ಕರಾವಳಿಗೂ ಅನ್ವಯಿಸುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯು ೧೯೫೬ರವರೆಗೆ ಮದರಾಸು ಆಡಳಿತಕ್ಕೇ ಸೇರಿತ್ತು. ಪಶ್ಚಿಮ ತೀರದ ಪ್ರಕೃತಿ ಬೇರೆ ಎಂಬುದನ್ನು ಮೊದಲೇ ಹೇಳಬೇಕು. ಇಲ್ಲಿಯ ದಂಡೆ ಮುಂಗಾರಿನಲ್ಲಿ ಕರಗಿ, ಮಳೆ ನಿಂತ ಮೇಲೆ ಅಲೆಗಳು ತಂದೊಪ್ಪಿಸುವ ಮರಳಿನಿಂದ ಬಹುಮಟ್ಟಿಗೆ ಮತ್ತೆ ಕೂಡಿಕೊಳ್ಳುತ್ತದೆ. ಮದರಾಸಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚುವಂತಿಲ್ಲ. ಆದರೆ ಕಥೆಯ ಆಕಾರ ಅಪರಿಚಿತವಲ್ಲ. ಮಂಗಳೂರಿನಲ್ಲಿ ನೇತ್ರಾವತಿ ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಎರಡೂ ಬದಿಗೆ ೧೯೯೦ರ ದಶಕದಲ್ಲಿ ಅಲೆತಡೆಗಳು ಬಂದುವು. ಮೀನುಗಾರಿಕೆಯ ದೋಣಿಗಳು ಅಳಿವೆಯನ್ನು ದಾಟುವಾಗ ಮಗುಚದಿರಲೆಂಬುದೇ ಅವುಗಳ ಉದ್ದೇಶ, ಅದು ಸದುದ್ದೇಶ. ಅನಂತರದ ವರ್ಷಗಳಲ್ಲಿ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದ ಕೋಟೆಪುರ ಮೊಗವೀರಪಟ್ಣಗಳಲ್ಲಿ ಕೊರೆತವು ದೊಡ್ಡ ಸಮಸ್ಯೆಯಾಯಿತು, ಬಂಡೆಗಳು ಬಂದುವು, ಬಂಡೆಗಳನ್ನು ಕಡಲು ನುಂಗಿತು. ೨೦೧೦ರಲ್ಲಿ ಮಂಜೂರಾದ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಕಡಲೊಳಗೆ ಮುಳುಗಿದ ದಂಡೆಗಳನ್ನು ನಿರ್ಮಿಸುವ ಪ್ರಯತ್ನವೂ ನಡೆಯಿತು. ಕೊರೆತಕ್ಕೆ ಅಲೆತಡೆಯೊಂದೇ ಕಾರಣವೆಂದು ನಾವು ಸಾಧಿಸಹೊರಟಿಲ್ಲ. ಅದು ಎಷ್ಟರ ಮಟ್ಟಿಗೆ ಕಾರಣವೆಂಬುದನ್ನು ತಿಳಿಯಬೇಕಾದರೆ ಅಲೆತಡೆಗಿಂತ ಹಿಂದಿನ ದಂಡೆ ಎಲ್ಲಿತ್ತೆಂಬುದನ್ನು ಮೊದಲು ಅರಿಯಬೇಕಾಗುತ್ತದೆ. ಅದು ಚರಿತ್ರೆಯ ಕೆಲಸ.

ಆ ಕೆಲಸವನ್ನು ಈಗಲೇ ಕೈಗೊಳ್ಳಬೇಕೆಂದು ನಮ್ಮ ಬಿನ್ನಹ. ಹಳೆಯ ಸರ್ವೆ ನಕ್ಷೆಗಳು, ನಾವಿಕರ ನಕ್ಷೆಗಳು, ಬಂದರು ಮತ್ತು ಲೋಕೋಪಯೋಗಿ ಇಲಾಖೆಗಳ ಕಡತಗಳು, ದೇವಸ್ಥಾನ ಮಸೀದಿ ಇಗರ್ಜಿಗಳ ಭೂಮಿಯ ಪತ್ರಗಳು ಇವುಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಹೋಲಿಸಬೇಕು. ಇವೆಲ್ಲಕ್ಕೂ ಮಿಗಿಲಾಗಿ ದಂಡೆಯ ವೃದ್ಧರ ನೆನಪನ್ನು ಸಂಗ್ರಹಿಸಬೇಕು. ಯಾವ ವರ್ಷ ಯಾವ ತೆಂಗಿನ ಸಾಲು ಹೋಯಿತು, ಬಾವಿ ಎಲ್ಲಿತ್ತು, ಬಲೆ ಎಳೆಯುವ ಜಾಗ ಎಷ್ಟು ಬಾರಿ ಬದಲಾಯಿತು ಎಂಬುದನ್ನು ಅವರು ಬಲ್ಲರು. ಪಟ್ಟೆಯಿಲ್ಲದ ನೆಲಕ್ಕೆ ಈ ನೆನಪೇ ಪಟ್ಟೆ; ಆ ತಲೆಮಾರು ಕಳೆದರೆ ಈ ಆಕರವೂ ಕಳೆಯುತ್ತದೆ.

ಕಡಲ ರಕ್ಷಣೆಯ ಕಟ್ಟಡಗಳು ಬೇಡವೆಂಬುದು ನಮ್ಮ ವಾದವಲ್ಲ. ಮನೆಯ ಗೋಡೆಗೆ ಅಲೆ ಬಡಿಯುತ್ತಿರುವವನಿಗೆ ಬಂಡೆ ಬೇಡವೆನ್ನುವ ಅಧಿಕಾರ ಗ್ರಂಥಾಲಯದಲ್ಲಿ ಕುಳಿತವರಿಗೆ ಇಲ್ಲ. ಆದರೆ ಗೋಡೆಯ ಅಂದಾಜುಪಟ್ಟಿಯಲ್ಲಿ ಕಲ್ಲಿನ ಬೆಲೆ, ಕೂಲಿಯ ಬೆಲೆಗಳ ಜೊತೆಗೆ, ಗೋಡೆ ಮುಗಿಯುವ ಕಡೆ ಇರುವ ನೆರೆಯೂರಿನ ದಂಡೆಯ ಬೆಲೆಯೂ ಒಂದು ಬಾಬ್ತಾಗಿ ಸೇರಬೇಕು. ಮದರಾಸಿನಲ್ಲಿ ಆ ಬಾಬ್ತನ್ನು ಬರೆಯದೆ ಬಿಟ್ಟರು. ನೂರೈವತ್ತು ವರ್ಷಗಳ ಹತ್ತಿರ ರಾಯಪುರದವರು ಅದನ್ನು ತೀರಿಸುತ್ತ ಬಂದಿದ್ದಾರೆ.